ಕಣಗಿಲೆ ಕಡಿದವರಿಗೆ ಎರಡು ಮಾತು

ನಮ್ಮ ಓಣಿಯಲ್ಲಿ ಇವತ್ತು ಒಬ್ಬರು ಕಾಂಪೌಂಡಿಗೆ ಹಚ್ಚಿದ್ದ ಕಣಗಿಲೆ ಗಿಡಗಳನ್ನೆಲ್ಲ ಕಡಿಸಿದರು. ಯಾಕ್ರೀ ಅಂದೆ. "ವಾಟ್ಸಾಪಿನ್ಯಾಗ ಬಂದದರಿ ಅಕ್ಕಾರ, ಅದು ವಿಷ ಅಂತ." ಸರಿ, ಅವರ ಗಿಡ, ಅವರ ಇಷ್ಟ. ಆದರೆ ಆಮೇಲೆ ಆ ಟೊಂಗೆಗಳನ್ನು ರಸ್ತೆ ಬದಿ ರಾಶಿ ಹಾಕಿ ಬೆಂಕಿ ಹಚ್ಚಿದರಲ್ಲ, ಅದಕ್ಕೆ ತಲೆ ಕೆಟ್ಟಿತು. ಕಣಗಿಲೆಯ ಹೊಗೆಯೂ ವಿಷವೇ! ಹೊಗೆಯಲ್ಲೇ ಓಣಿಯ ಹುಡುಗರು ಕುಣಿಯುತ್ತಿದ್ದರು.

ವಿಷ ಹೌದು, ಯಾರು ಇಲ್ಲ ಅಂದರು? ಎಲೆ, ಹೂ, ಕಾಂಡ, ಬೇರು, ಎಲ್ಲದರಲ್ಲೂ ಇದೆ. ಹೊಟ್ಟೆಗೆ ಹೋದರೆ ಎದೆಬಡಿತವೇ ತಪ್ಪುತ್ತದೆ. ಕೇರಳದಲ್ಲಿ 2024ರ ಮೇ ತಿಂಗಳಲ್ಲಿ ದೇವಸ್ಥಾನಗಳನ್ನು ನೋಡಿಕೊಳ್ಳುವ ದೇವಸ್ವಂ ಮಂಡಳಿಯವರು ನೈವೇದ್ಯ, ಪ್ರಸಾದಕ್ಕೆ ಈ ಹೂ ಬೇಡ ಅಂದರು. ಗಿಡಗಳಿಗೆ ಬೆಂಕಿ ಇಡಿ ಅಂತ ಹೇಳಲಿಲ್ಲ.

ಏಪ್ರಿಲ್-ಮೇನಲ್ಲಿ ಕಲಬುರಗಿ ಬಿಸಿಲು 42-43 ಡಿಗ್ರಿಗೆ ಹೋದಾಗ ಗುಲಾಬಿ ಸುಟ್ಟು ಕರಕಲಾಗುತ್ತದೆ, ಇದು ಮಾತ್ರ ಗೊಂಚಲು ಗೊಂಚಲು ಬಿಡುತ್ತದೆ. ನೀರು ಜಾಸ್ತಿ ಕೇಳಲ್ಲ, ಹಸಿ ಗಿಡವನ್ನು ದನ ಸಾಮಾನ್ಯವಾಗಿ ಮುಟ್ಟಲ್ಲ. ಹೆದ್ದಾರಿ ನಡುವೆ ಇದನ್ನೇ ಹಚ್ಚೋದು ಸುಮ್ನೆ ಅಲ್ಲ.

ಕತ್ತರಿಸುವಾಗ ಕೈಗೆ ಗ್ಲೌಸ್, ತುಂಬು ತೋಳಿನ ಅಂಗಿ ಇರಲಿ. ಗಿಡದ ಸೊನೆ ಕಣ್ಣಿಗೆ ಸಿಡಿಯಬಾರದು. ಕತ್ತರಿ, ಕೈ ಎರಡನ್ನೂ ಸೋಪು ಹಚ್ಚಿ ತೊಳೆಯಿರಿ. ಕಡಿದದ್ದನ್ನು ಓಣಿಯ ಆಡುಗಳ ಬಾಯಿಗೆ ಸಿಗುವಂತೆ ಎಸೆಯಬೇಡಿ, ಒಣಗಿದರೂ ವಿಷ ಹೋಗಲ್ಲ, ಮಣ್ಣಲ್ಲಿ ಹೂತುಬಿಡಿ. ಮಕ್ಕಳು ಅಗಿದರೆ ಮನೆಮದ್ದು, ವಾಂತಿ ಮಾಡಿಸೋದು ಬೇಡ, ಒಂದು ಎಲೆ ಜೊತೆಗಿಟ್ಟುಕೊಂಡು ನೇರ ಆಸ್ಪತ್ರೆಗೆ ಓಡಿ. ಇಷ್ಟೇ. ಇದನ್ನು ವಾಟ್ಸಾಪ್‌ನಲ್ಲಿ ಯಾರೂ ಕಳಿಸಲ್ಲ, ಮಾರುವಾಗ ನರ್ಸರಿಯವರೂ ಹೇಳಲ್ಲ.

"ನಿಮಗೇನ್ರಿ, ನಿಮ್ಮ ಮನ್ಯಾಗ ಸಣ್ಣ ಹುಡುಗರಿಲ್ಲ" ಅಂದರು ಗಿಡ ಕಡಿಸಿದವರು. ಇಲ್ಲ, ಖರೆ. ಅಂಬೆಗಾಲಿಡೋ ಮಗು ಇದ್ದರೆ ನಾನೂ ಹಚ್ಚಬೇಡಿ ಅಂತಲೇ ಹೇಳ್ತೀನಿ, ಅದರಲ್ಲೂ ಹಳದಿ ಹೂವಿನ ಕಾಡುಕಣಗಿಲೆ ಬಿಲ್ಕುಲ್ ಬೇಡ, ಅದರ ಕಾಯಿ ಹಿಡಿದು ಹುಡುಗರು ಆಡುತ್ತಾರೆ. ಆದರೆ ಈ ಮಾತು ಹೇಳಿದವರ ಮನೆಯ ಹಾಲ್‌ನಲ್ಲಿ, ಟಿವಿ ಪಕ್ಕ, ಮೊಮ್ಮಗಳ ಕೈಗೆಟುಕುವಂತೆ ಏನಿದೆ ಗೊತ್ತಾ? ಬಿಳಿ ಚುಕ್ಕೆಯ ದೊಡ್ಡೆಲೆಯ ಡೀಫೆನ್‌ಬಾಕಿಯಾ! ಅಗಿದರೆ ನಾಲಿಗೆ ಉರಿದು ಊದಿ ಮಾತೇ ಹೊರಡಲ್ಲ. ಅದಕ್ಕೆ ದಿನಾ ಎಲೆ ಒರೆಸುವ ಉಪಚಾರ ಬೇರೆ. ಹೇಳಿದೆ. "ಅದು ಶೋ ಗಿಡರೀ" ಅಂದರು.