ಪುಣೆಯ ಒರಟುತನ, ಹುಬ್ಬಳ್ಳಿಯ ದಾಕ್ಷಿಣ್ಯ, ನಡುವೆ ಒಂದು ಕಾರ್ಡು

ಪುಣೆಯ ಅಂಗಡಿಯವರು ಒರಟರು ಅಂತ ನಮ್ಮ ಹುಬ್ಬಳ್ಳಿ ಕಡೆಯವರೆಲ್ಲ ಹೇಳುತ್ತಾರೆ. ಸುಳ್ಳಲ್ಲ. ಮಧ್ಯಾಹ್ನ ಬಾಗಿಲು ಹಾಕಿಕೊಂಡು ನಿದ್ದೆ ತೆಗೆಯುವ ಅಂಗಡಿಗಳು ಇಲ್ಲಿ ಇನ್ನೂ ಇವೆ. ಗಿರಾಕಿಯನ್ನೇ ಗದರಿಸುವ ಬೋರ್ಡುಗಳಿಗೆ ಈ ಊರು ಹೆಸರುವಾಸಿ. ಆದರೆ ಕಾರ್ಡಿನ ವಿಷಯ ಬಂದರೆ ನಾನು ಈ ಒರಟರ ಕಡೆ. ನಮ್ಮ ಪೇಠೆಯ ಒಂದು ಅಂಗಡಿಯ ಗಲ್ಲೆಯ ಮೇಲೆ ಮರಾಠಿಯಲ್ಲಿ ಹೀಗೆ ಬರೆದಿದೆ: "ಪಿನ್ ನೀವೇ ಒತ್ತಿ. ನಮಗೆ ಹೇಳಬೇಡಿ. ನಮ್ಮ ಜ್ಞಾಪಕಶಕ್ತಿ ಚೆನ್ನಾಗಿದೆ." ಮೆಷಿನನ್ನು ನಮ್ಮ ಕಡೆ ತಳ್ಳಿ ಅಂಗಡಿಯವರು ಮುಖ ತಿರುಗಿಸುತ್ತಾರೆ. ನಗುವಿಲ್ಲ, ಮಾತಿಲ್ಲ.

ನಮ್ಮ ಕಡೆ ಹಾಗಲ್ಲ. ಮೊನ್ನೆ ಮದುವೆ ಜವಳಿಗೆ ಕಾಕಾನ ಜೊತೆ ಹುಬ್ಬಳ್ಳಿಗೆ ಹೋಗಿದ್ದೆ. ಕೂರಿಸಿದರು, ಚಹಾ ತರಿಸಿದರು, ಇಳಕಲ್ ಸೀರೆಗಳ ರಾಶಿಯನ್ನೇ ಹಾಕಿದರು. ಬಿಲ್ ಆದ ಮೇಲೆ ಹುಡುಗ ಕಾರ್ಡ್ ತಗೊಂಡು ಗಲ್ಲೆಗೆ ಹೋದ. ಅಲ್ಲಿಂದಲೇ ಕೂಗಿದ: "ನಂಬರ್ ಹೇಳ್ರಿ ಕಾಕಾರ!" ಕಾಕಾ ಅಷ್ಟೇ ದೊಡ್ಡ ದನಿಯಲ್ಲಿ ನಾಲ್ಕೂ ಅಂಕಿ ಹೇಳಿದರು. ಸೀರೆ ಆರಿಸುತ್ತಿದ್ದ ಹೆಂಗಸರಿಗೆಲ್ಲ ಕೇಳಿಸಿತು.

ಈ ಕಾರ್ಡಿಗೆ ಎಷ್ಟು ತಲೆ ಓಡಿಸಿದ್ದಾರೆ ನೋಡಿ. ಹಳೆಯ ಕಾರ್ಡಿನ ಕಪ್ಪು ಪಟ್ಟಿಯಲ್ಲಿದ್ದ ಮಾಹಿತಿ ಯಾವತ್ತೂ ಒಂದೇ. ಕಳ್ಳ ಮೆಷಿನಿನಲ್ಲಿ ಒಮ್ಮೆ ಉಜ್ಜಿದರೆ ಸಾಕು, ಅದೇ ಮಾಹಿತಿಯ ಇನ್ನೊಂದು ಕಾರ್ಡ್ ತಯಾರು. ಈಗಿನ ಕಾರ್ಡಿನ ಮೇಲೆ ಕಾಣುವ ಪುಟ್ಟ ಲೋಹದ ಚೌಕ, ಅಂದರೆ ಚಿಪ್ಪು (ಚಿಪ್), ಹಾಗಲ್ಲ. ಪ್ರತಿ ಸಲವೂ ಹೊಸ ಸಂಕೇತ ಹುಟ್ಟಿಸುತ್ತದೆ. ಅದನ್ನು ಹುಟ್ಟಿಸುವ ಗುಟ್ಟಿನ ಕೀಲಿ ಚಿಪ್ಪು ಬಿಟ್ಟು ಹೊರಗೆ ಬರುವುದಿಲ್ಲ. ಹಾಗಾಗಿ ಇವತ್ತಿನ ಸಂಕೇತ ಕದ್ದರೆ ನಾಳೆಗೆ ಉಪಯೋಗವಿಲ್ಲ. ರಿಸರ್ವ್ ಬ್ಯಾಂಕ್ 2013ರ ಡಿಸೆಂಬರಿನಿಂದಲೇ ಅಂಗಡಿಯಲ್ಲಿ ಡೆಬಿಟ್ ಕಾರ್ಡಿಗೆ ಪಿನ್ ಕಡ್ಡಾಯ ಮಾಡಿತು. ಬರೀ ಪಟ್ಟಿಯಿದ್ದ ಹಳೆಯ ಕಾರ್ಡುಗಳನ್ನೆಲ್ಲ ಚಿಪ್ಪಿನವಕ್ಕೆ ಬದಲಿಸಲು 2018ರ ಡಿಸೆಂಬರ್ 31ರ ಗಡುವು ಕೊಟ್ಟಿತು. ಅಮೆರಿಕದಲ್ಲಿ ಚಿಪ್ಪಿಗೆ ಜೋರು ಬಂದದ್ದೇ 2015ರ ಕೊನೆಗೆ. ಅಲ್ಲಿ ಚಿಪ್ಪು ಬಂದ ಮೇಲೂ ಬರೀ ಸಹಿ ಸಾಕಿತ್ತು. ಪಿನ್ ವಿಷಯದಲ್ಲಿ ನಮ್ಮವರೇ ಬಿಗಿ.

ಅಂದರೆ ನಕಲು ಮಾಡುವವನ ಹಾದಿ ಚಿಪ್ಪು ಕಟ್ಟಿತು. ಉಳಿದವನು ಕಾರ್ಡನ್ನೇ ಎಗರಿಸುವವನು. ಅವನನ್ನು ಮುಖ್ಯವಾಗಿ ತಡೆಯುವುದು ಪಿನ್. ಅದನ್ನೇ ನಾವು ಅಂಗಡಿ ತುಂಬ ಸಾರಿದರೆ ಚಿಪ್ಪು ಏನು ಮಾಡೀತು? ಮೇಲಾಗಿ ನಕಲಿಗೆ ಸಿಗುವ ಕಪ್ಪು ಪಟ್ಟಿ ಇನ್ನೂ ಕಾರ್ಡಿನ ಬೆನ್ನಿಗೇ ಇದೆ. ಮಾಸ್ಟರ್‌ಕಾರ್ಡ್ ಅದನ್ನು ಪೂರ್ತಿ ತೆಗೆಯುವುದು 2033ಕ್ಕಂತೆ.

ಪುಣೆಯವರೂ ಸಾಚಾ ಅಂತಲ್ಲ. ಜೋರು ಮಳೆಯಲ್ಲಿ ಪೆಟ್ರೋಲ್ ಬಂಕಿಗೆ ಹೋಗಿ ನೋಡಿ, ಕಾರಿನ ಗಾಜು ಬೆರಳಷ್ಟು ಇಳಿಸಿ ನಂಬರ್ ಹೇಳುವವರು ಇಲ್ಲೂ ಸಿಗುತ್ತಾರೆ. ಆದರೆ ಇಲ್ಲಿ ನೀವು "ನಾನೇ ಒತ್ತುತ್ತೇನೆ" ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ನಮ್ಮಲ್ಲಿ ಹಾಗಂದರೆ ಚಹಾ ಕೊಟ್ಟವನನ್ನು ಕಳ್ಳ ಅಂದಂತೆ ಆಗುತ್ತದೆ, ಅಲ್ವಾ? ಕಷ್ಟ ಇರುವುದೇ ಅಲ್ಲಿ.

ಈ ದಾಕ್ಷಿಣ್ಯಕ್ಕೆ ಬೆಲೆಯೂ ಇದೆ. 2017ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಒಂದು ಒಳ್ಳೆಯ ನಿಯಮ ತಂದಿತು. ನಿಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ಹೊರಗಿನವರ ಕೈವಾಡದಿಂದ ಹಣ ಹೋದರೆ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಿಮ್ಮದಲ್ಲ. ಆದರೆ ಪಿನ್ ನೀವೇ ಯಾರಿಗೋ ಹೇಳಿದ್ದರಿಂದ ಹೋದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ನಿಮ್ಮ ತಲೆಗೆ. ಇದನ್ನು ಕಾಕಾನಿಗೆ ಬಿಡಿಸಿ ಹೇಳಿದೆ. "ಖರೆ ಅದ. ಆದ್ರ ಅಂವ ನಮ್ಮ ಪೈಕಿ ಹುಡುಗ, ಏನ್ ತಿಳ್ಕೋತಾನ?" ಅಂದರು.

ಹಾಗಾಗಿ ಕಾಕಾನಂಥವರಿಗೆ ಸುಮ್ನೆ ಬುದ್ಧಿ ಹೇಳಿ ಉಪಯೋಗವಿಲ್ಲ. ಬದಲಾಗಬೇಕಾದ್ದು ಅಂಗಡಿಯವರು. ವೈರ್ ಇಲ್ಲದ ಮೆಷಿನ್ ಈಗ ತರಕಾರಿ ಅಂಗಡಿಯಲ್ಲೂ ಇರುತ್ತದೆ. ಚಹಾ ಕೂತಲ್ಲಿಗೇ ತರುವ ಹುಡುಗನಿಗೆ ಮೆಷಿನ್ ತರುವುದು ಜಾಸ್ತಿ ಕೆಲಸವೇನಲ್ಲ.