ಬೆಂಗಳೂರಿಗೆ ಬಂದರೆ ಉಬ್ಬಸ ಹೋಗುತ್ತಾ?

ನವೆಂಬರ್ ಬಂತೆಂದರೆ ದೆಹಲಿಯಲ್ಲಿರುವ ನಮ್ಮಂಥ ಕನ್ನಡಿಗರಿಗೆ ಊರಿಂದ ಫೋನ್ ಶುರು. "ಮಗೂನ ಕರ್ಕೊಂಡು ಇಲ್ಲಿಗೆ ಬಂದ್ಬಿಡಿ, ಅಲ್ಲಿ ಉಸಿರಾಡೋಕಾಗುತ್ತಾ?" ಅವರು ಹೇಳುವುದರಲ್ಲಿ ಸುಳ್ಳಿಲ್ಲ. ಗಾಳಿ ಎಷ್ಟು ಕೆಟ್ಟಿದೆ ಎಂದು ಹೇಳುವ ಎಕ್ಯೂಐ ಅಂಕಿ 400 ದಾಟಿತೆಂದು ಚಿಕ್ಕ ಮಕ್ಕಳ ಶಾಲೆಯನ್ನೇ ಆನ್‌ಲೈನ್ ಮಾಡುವ ಊರು ಇದು. ಆದರೆ ಬೆಂಗಳೂರಿಗೆ ಬಂದರೆ ಮಕ್ಕಳ ಅಸ್ತಮಾ ತಾನಾಗೇ ಸರಿಹೋಗುತ್ತದೆ ಎನ್ನುವ ಮಾತಿದೆಯಲ್ಲ, ಅದನ್ನು ನಾನು ಒಪ್ಪುವುದಿಲ್ಲ.

ಬೆಂಗಳೂರಿನ ಮಕ್ಕಳ ಡಾಕ್ಟರ್ ಎಚ್. ಪರಮೇಶ್ ಎಷ್ಟೋ ವರ್ಷ ಇಟ್ಟ ಲೆಕ್ಕ ನೋಡಿ. ಅವರ ಆಸ್ಪತ್ರೆಗೆ ಬಂದ ಮಕ್ಕಳಲ್ಲಿ 1979ರಲ್ಲಿ ನೂರಕ್ಕೆ 9 ಮಂದಿಗೆ ಅಸ್ತಮಾ ಇತ್ತು, 1999ರ ಹೊತ್ತಿಗೆ ಅದು 29.5. ಆಸ್ಪತ್ರೆಗೆ ಬಂದವರ ಲೆಕ್ಕ ಅದು, ಇಡೀ ಊರಿನದ್ದಲ್ಲ, ನಿಜ. ಆದರೆ ಅವರು ಶಾಲೆಗಳಲ್ಲೂ ನೋಡಿದ್ದರು. ವಾಹನ ಕಡಿಮೆ ಇರುವ ಕಡೆಯ ಶಾಲೆಗಳಲ್ಲಿ ನೂರಕ್ಕೆ ಸುಮಾರು 11 ಮಕ್ಕಳು, ಟ್ರಾಫಿಕ್ ಜಾಸ್ತಿ ಇರುವ ಕಡೆ 19, ಟ್ರಾಫಿಕ್ ಜೊತೆಗೆ ಬಡತನವೂ ಇದ್ದ ಕಡೆ 31. ಊರು ಒಂದೇ, ಹವೆ ಒಂದೇ, ನಾವೆಲ್ಲ ಹೊಗಳುವ ಅದೇ ತಂಪು ಹವೆ!

ದೆಹಲಿಯವರು ಗಾಳಿ ಬಗ್ಗೆ ಜಗಳವಾದರೂ ಆಡುತ್ತಾರೆ. ಸುಪ್ರೀಂ ಕೋರ್ಟ್ ಪಟ್ಟು ಹಿಡಿದದ್ದಕ್ಕೆ 2002ರ ಕೊನೆಗೆ ಇಲ್ಲಿನ ಸಿಟಿ ಬಸ್ಸುಗಳು ಡೀಸೆಲ್ ಬಿಟ್ಟು ಸಿಎನ್‌ಜಿಗೆ ಬಂದವು. ಬೆಂಗಳೂರಿನಲ್ಲಿ ಡೀಸೆಲ್ ಬಸ್ಸು, ನೀರಿನ ಟ್ಯಾಂಕರ್, ಕರೆಂಟ್ ಹೋದಾಗ ಗುರ್ರೆನ್ನುವ ಜನರೇಟರ್ ಇವನ್ನೆಲ್ಲ ಸುಮ್ನೆ ಸಹಿಸಿಕೊಂಡೇ ಬಂದೆವು, ಅಲ್ವಾ?

ಹಾಗಂತ ದೆಹಲಿಯವರು ಜಾಣರು ಎಂದೇನಲ್ಲ. ನಮ್ಮ ಅಪಾರ್ಟ್‌ಮೆಂಟಿನ ಒಳಗೆ ಮನೆಗೊಂದು ಏರ್ ಪ್ಯೂರಿಫೈಯರ್. ಕೆಳಗೆ ಗೇಟಿನ ಹತ್ತಿರ ರಾತ್ರಿ ವಾಚ್‌ಮನ್ ಚಳಿ ತಡೆಯಲಾಗದೆ ಪ್ಲೈವುಡ್ ತುಂಡು, ರಟ್ಟು, ಕೆಲವೊಮ್ಮೆ ಪ್ಲಾಸ್ಟಿಕ್ಕನ್ನೂ ಸುಡುತ್ತಾನೆ. ಅವನ ಮಗಳು ಆ ಬೆಂಕಿ ಪಕ್ಕದಲ್ಲೇ ಕೂತು ಹೋಮ್‌ವರ್ಕ್ ಬರೆಯುತ್ತಾಳೆ. ಆ ಮಗುವಿನ ಮೂಗಿಗೆ ಹೋಗುವ ಹೊಗೆ ಯಾವ ಆ್ಯಪಿನಲ್ಲೂ ಕಾಣುವುದಿಲ್ಲ. ಅವನಿಗೊಂದು ಹೀಟರ್ ಕೊಡಿಸಿ ಎಂದರೆ ಮೀಟಿಂಗಿನಲ್ಲಿ ಕರೆಂಟ್ ಬಿಲ್ಲಿನ ಮಾತು ಬರುತ್ತದೆ.

ಬೆಂಗಳೂರಿನ ಮನೆಗಳದ್ದು ಇನ್ನೊಂದು ಥರ. ಸಂಜೆ ಆರಕ್ಕೆ ಕಿಟಕಿ ಮುಚ್ಚಿ, ಸೊಳ್ಳೆ ಕಾಯಿಲ್ ಹಚ್ಚಿ, ಮೇಲಿಂದ ಸಾಂಬ್ರಾಣಿ. ಮಳೆಗಾಲದಲ್ಲಿ ಬೀರು ಹಿಂದಿನ ಗೋಡೆಗೆ ಬೂಷ್ಟು. ಒಂದು ಕಾಯಿಲ್ ಪೂರ್ತಿ ಉರಿದರೆ ಬರುವ ಸಣ್ಣ ಧೂಳಿನ ಕಣ 75ರಿಂದ 137 ಸಿಗರೇಟಿಗೆ ಸಮ ಎಂದು 2003ರಲ್ಲೇ ಅಳೆದು ಹೇಳಿದ್ದಾರೆ. ಮಗು ಎದುರು ಒಂದು ಸಿಗರೇಟ್ ಹಚ್ಚಿದರೆ ಬೈಯುವ ಅಜ್ಜಿಯೇ ಕಾಯಿಲನ್ನು ಮಂಚದ ಕೆಳಗೆ ಇಡುತ್ತಾರೆ.

ರಜೆಗೆ ಹೋದಾಗ ಈಗ ನಾವೇ ಸೊಳ್ಳೆ ಪರದೆ ಒಯ್ಯುತ್ತೇವೆ. ಅಮ್ಮನಿಗೆ ಸಿಟ್ಟು. "ಡೆಂಗ್ಯೂ ಬಂದ್ರೆ ನೀನ್ ನೋಡ್ಕೋತೀಯಾ?" ಡೆಂಗ್ಯೂ ಸೊಳ್ಳೆ ಕಚ್ಚುವುದು ಹೆಚ್ಚಾಗಿ ಹಗಲಲ್ಲಿ, ನೀವು ಕಾಯಿಲ್ ಹಚ್ಚುವುದು ರಾತ್ರಿ ಎಂದೆ. ಈಗ ಹಗಲಲ್ಲೂ ಒಂದು ಹಚ್ಚುತ್ತಿದ್ದಾರೆ.