ಕಾರಣ: ಮಳೆ

ಸಮುದ್ರ ಇಲ್ಲ. ದೊಡ್ಡ ನದಿ ಇಲ್ಲ. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ ಕೂತಿರುವ ಊರು. ಇಂಥ ಊರಲ್ಲೂ ಮುಳುಗಿ ತೋರಿಸಬಹುದು ಅಂತ ಸಾಧಿಸಿದವರು ನಾವು, ಬೆಂಗಳೂರಿನವರು. 2022ರ ಸೆಪ್ಟೆಂಬರ್‌ನಲ್ಲಿ ಐಟಿ ಕಂಪನಿಯವರು ಲ್ಯಾಪ್‌ಟಾಪ್ ತಬ್ಬಿಕೊಂಡು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಕೋಟಿ ಕೋಟಿ ಬೆಲೆಯ ವಿಲ್ಲಾಗಳ ಬಾಗಿಲಿಗೆ ದೋಣಿ ಬಂದು ನಿಂತಿತು.

ಆಗ ಎಲ್ಲರ ಬಾಯಲ್ಲೂ ಒಂದೇ ಮಾತು: ಪ್ರಕೃತಿ ವಿಕೋಪ. ಎಂಥ ಅನುಕೂಲದ ಪದ ನೋಡಿ. ಕೋಪ ಮಾಡಿಕೊಂಡದ್ದು ಪ್ರಕೃತಿ. ನಾವು ಪಾಪ, ಸುಮ್ನೆ ಕೂತಿದ್ದವರು. ಎಲ್ಲಿ ಕೂತಿದ್ದೆವು ಅಂತ ಮಾತ್ರ ಯಾರೂ ಕೇಳಬಾರದು.

ಊರು ಮುಳುಗಿದ ಆ ಸೆಪ್ಟೆಂಬರ್ ರಾತ್ರಿ ಸುರಿದದ್ದು 130 ಮಿಲಿಮೀಟರ್ ಆಸುಪಾಸು. ಬೆಂಗಳೂರಿಗೆ ಜಾಸ್ತಿಯೇ, ಒಪ್ಪೋಣ. ಆದರೆ ಇದೇ ಮಳೆ ಜುಲೈ ತಿಂಗಳಲ್ಲಿ ಆಗುಂಬೆಯಲ್ಲಿ ಬಿದ್ದರೆ ಅಲ್ಲಿನವರು ಕೊಡೆ ಬಿಚ್ಚಿಕೊಂಡು ಹಾಲು ತರೋಕೆ ಹೋಗುತ್ತಾರೆ. ವರ್ಷಕ್ಕೆ 7,000 ಮಿಲಿಮೀಟರ್ ಮಳೆ ಕಾಣುವ ಊರದು.

ಹಾಗಾಗಿ ಮಳೆ ಅಪಾಯ ಇರಬಹುದು, ಅನಾಹುತ ಬೇರೆ. ಅಪಾಯ ಮೇಲಿಂದ ತಾನಾಗಿ ಬೀಳುತ್ತದೆ. ಅನಾಹುತವನ್ನು ಕೆಳಗೆ ನಾವೇ ಕಟ್ಟಬೇಕು. ಅದಕ್ಕೆ ನಕ್ಷೆ ಬೇಕು, ಮಂಜೂರಾತಿ ಬೇಕು, ಸೀಲು ಬೇಕು, ಒಳ್ಳೆ ದಿನ ನೋಡಿ ಗುದ್ದಲಿ ಪೂಜೆಯೂ ಬೇಕು. ಸುಮ್ಮನೆ ಆಗುವ ಕೆಲಸವಲ್ಲ.

ಈ ಕೆಲಸಕ್ಕೆ ನಾವು ಬಹಳ ಹಿಂದೆಯೇ ಕೈ ಹಾಕಿದ್ದೇವೆ. ಧರ್ಮಾಂಬುಧಿ ಕೆರೆ ಇದ್ದ ಕಡೆ ಈಗ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್. ಸಂಪಂಗಿ ಕೆರೆ ಇದ್ದ ಕಡೆ ಕಂಠೀರವ ಸ್ಟೇಡಿಯಂ. ಹಳಬರು ಒಂದು ಕೆರೆ ಕೋಡಿ ಬಿದ್ದರೆ ನೀರು ಮುಂದಿನ ಕೆರೆಗೆ ಹೋಗಲಿ ಅಂತ ರಾಜಕಾಲುವೆ ಬಿಟ್ಟಿದ್ದರು. ಹೆಸರಲ್ಲೇ ರಾಜ ಇದ್ದಾನಲ್ಲ, ಅದು ನಮಗೆ ಹಿಡಿಸಲಿಲ್ಲ. ಪ್ರಜಾಪ್ರಭುತ್ವದಲ್ಲಿ ರಾಜನಿಗೆ ಅಷ್ಟು ಅಗಲದ ದಾರಿ ಯಾಕೆ? ಪೈಪ್ ಸಾಕು ಅಂದೆವು. ಉಳಿದ ಕಡೆ ಬೇಸಿಗೆಯಲ್ಲಿ ಹೂಳು ತೆಗೆಸುತ್ತೇವೆ. ತೆಗೆದ ಹೂಳನ್ನು ಅಲ್ಲೇ ದಡದ ಮೇಲೆ ಗುಡ್ಡೆ ಹಾಕುತ್ತೇವೆ. ಮೊದಲ ಮಳೆ ಅದನ್ನು ಜೋಪಾನವಾಗಿ ವಾಪಸ್ ಒಳಗಿಡುತ್ತದೆ. ಬಿಲ್ ಮಾತ್ರ ವಾಪಸ್ ಬರುವುದಿಲ್ಲ.

2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆರೆಯಿಂದ 75 ಮೀಟರ್, ದೊಡ್ಡ ರಾಜಕಾಲುವೆಯಿಂದ 50 ಮೀಟರ್ ದೂರ ಬಿಟ್ಟು ಕಟ್ಟಿ ಅಂದಿತ್ತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಮಾಸ್ಟರ್ ಪ್ಲಾನಿನ ಹಳೇ ಅಳತೆಯೇ ಉಳಿಯಿತು, ಕೆರೆಗೆ 30 ಮೀಟರ್. ಕಾನೂನಿನ ಸೂಕ್ಷ್ಮ ಕೋರ್ಟಿಗೆ ಗೊತ್ತು ಬಿಡಿ. ನೀರಿಗೆ ಮಾತ್ರ ತೀರ್ಪಿನ ಪ್ರತಿ ಇನ್ನೂ ತಲುಪಿದ ಹಾಗಿಲ್ಲ.

2023ರ ಮೇ ತಿಂಗಳ ಒಂದು ಮಳೆಗೆ ಕೆ.ಆರ್. ಸರ್ಕಲ್ ಅಂಡರ್‌ಪಾಸ್‌ನಲ್ಲಿ ಕಾರು ಮುಳುಗಿ ಒಬ್ಬ ಯುವತಿ ತೀರಿಕೊಂಡರು. ವಿಧಾನಸೌಧದಿಂದ ಕೂಗಳತೆ ದೂರ. ಇದರ ಬಗ್ಗೆ ನನಗೆ ತಮಾಷೆ ಮಾಡೋಕೆ ಬರುವುದಿಲ್ಲ.

ನಮ್ಮ ಅಪಾರ್ಟ್‌ಮೆಂಟಿನ ವಿಷಯಕ್ಕೆ ಬರುತ್ತೇನೆ. ಕೊಳ್ಳುವಾಗ ಬ್ರೋಷರ್‌ನಲ್ಲಿ 'ಲೇಕ್ ವ್ಯೂ' ಅಂತ ಇತ್ತು. ಮೂರು ವರ್ಷ ಬಾಲ್ಕನಿಯಲ್ಲಿ ನಿಂತು ಕೆರೆ ಎಲ್ಲಿ ಅಂತ ಹುಡುಕಿದೆ. ಒಂದು ರಾತ್ರಿ ಕೆರೆಯೇ ನಮ್ಮನ್ನು ನೋಡೋಕೆ ಬಂತು. ಬೇಸ್‌ಮೆಂಟಿನಲ್ಲಿ ಎದೆಮಟ್ಟ ನೀರು. ಯಾರದೋ ಕಾರಿನ ವೈಪರ್ ನೀರಿನೊಳಗೇ ಆಡುತ್ತಿತ್ತು, ಪಾಪ, ಅದರ ಕರ್ತವ್ಯ. ಖಾಲಿ ಗ್ಯಾಸ್ ಸಿಲಿಂಡರ್ ಒಂದು ನಿಧಾನಕ್ಕೆ ತೇಲಿಕೊಂಡು ಬಂದು ವಿಸಿಟರ್ಸ್ ಪಾರ್ಕಿಂಗ್‌ನಲ್ಲಿ ನಿಂತಿತು. ಅಲ್ಲಿ ಸರಿಯಾದ ಜಾಗದಲ್ಲಿ ನಿಂತದ್ದು ಅದೊಂದೇ.

ಬೇಸ್‌ಮೆಂಟಿನ ಮೂಲೆಯ ಕೋಣೆಯಲ್ಲಿ ವಾಚ್‌ಮನ್ ಸಂಸಾರ ಇತ್ತು. ನಮ್ಮ ಕಾರುಗಳಿಗೆ ಇನ್ಶೂರೆನ್ಸ್ ಇತ್ತು, ಮೇಲೆ ಒಣ ಹಾಸಿಗೆ ಇತ್ತು. ಅವರ ಅಕ್ಕಿ ಚೀಲ ಉಬ್ಬಿ ಹೊಲಿಗೆ ಬಿಟ್ಟಿತ್ತು. ಆತನ ಹೆಂಡತಿ ಮಗಳ ನೋಟ್‌ಬುಕ್ಕುಗಳನ್ನು ಹಾಳೆ ಹಾಳೆ ಬಿಡಿಸಿ ಮೆಟ್ಟಿಲ ಮೇಲೆ ಒಣಹಾಕಿದ್ದಳು. ನಾವು ಮೇಲೆ ಕೆಳಗೆ ಓಡಾಡುವಾಗ ಮಗ್ಗಿ ತುಳಿಯದ ಹಾಗೆ ಕಾಲಿಡಬೇಕಿತ್ತು. ಅದೇ ಮಳೆ, ಅದೇ ಕಟ್ಟಡ. ನಮಗೆ ವಾರದ ತಾಪತ್ರಯ, ಅವರಿಗೆ ಅನಾಹುತ. ಆ ಕೋಣೆ ಮಂಜೂರಾದ ನಕ್ಷೆಯಲ್ಲಿ ಇರಲೇ ಇಲ್ಲ. ಅಸೋಸಿಯೇಷನ್ ಮೀಟಿಂಗಿನಲ್ಲಿ ಅದಕ್ಕೆ ಕೈ ಎತ್ತಿದವರಲ್ಲಿ ನಾನೂ ಒಬ್ಬ.

ಬೆಳಿಗ್ಗೆ ಹಾಲು ಹಾಕುವ ಅಜ್ಜ ಗೇಟಿನ ಹತ್ತಿರ ಸೈಕಲ್ ನಿಲ್ಲಿಸಿ ನೋಡಿದರು. ಅವರಪ್ಪ ಈ ಕೆರೆಯ ತೂಬು ತೆಗೆದು ಗದ್ದೆಗೆ ನೀರು ಬಿಡುವ ನೀರುಗಂಟಿ ಆಗಿದ್ದವರು.

"ನಿಮ್ ಲಿಫ್ಟ್ ಐತಲ್ಲ ಸಾಮಿ, ಅಲ್ಲೇ ತೂಬಿದ್ದಿದ್ದು" ಅಂದರು. ಅರ್ಧ ಲೀಟರ್ ಪ್ಯಾಕೆಟ್ ಕೈಗಿಟ್ಟು ಹೊರಟರು.

ಮಧ್ಯಾಹ್ನ ಯಾವುದೋ ಇಲಾಖೆಯವರು ಬಂದರು. ಟೇಪ್ ಹಿಡಿದು ಅಳೆದರು. ನಮ್ಮ ಕಾಂಪೌಂಡ್ ಗೋಡೆ ಕಾಲುವೆಯೊಳಗೆ ಆರು ಅಡಿ ಹೋಗಿತ್ತು. ಅಸೋಸಿಯೇಷನ್ ಅಧ್ಯಕ್ಷರು "ಬಿಸಿಲಲ್ಲಿ ಯಾಕೆ ನಿಂತಿದ್ದೀರಿ, ಬನ್ನಿ ಸಾರ್, ಕಾಫಿ ಕುಡಿಯೋಣ" ಅಂದರು. ಟೇಪ್ ಸರ್ರನೆ ಸುತ್ತಿಕೊಂಡು ಡಬ್ಬಿಯೊಳಗೆ ಹೋಯಿತು.

ವಾರ ಬಿಟ್ಟು ಲಿಫ್ಟ್ ರಿಪೇರಿ ಹುಡುಗ ಬಂದ. ಗುಂಡಿಗೆ ಟಾರ್ಚ್ ಬಿಟ್ಟು ನೋಡಿದ. ಒಳಗೆ ನೀರು ಇನ್ನೂ ಒಸರುತ್ತಿತ್ತು.

"ಇದು ವರ್ಷದ ಮೇಂಟೆನೆನ್ಸ್ ಕಾಂಟ್ರ್ಯಾಕ್ಟಲ್ಲಿ ಬರಲ್ಲ ಸಾರ್. ಪ್ರಕೃತಿ ವಿಕೋಪ. ಇಲ್ಲಿ ಕಾರಣ ಬರೆದು ಸೈನ್ ಮಾಡಿ" ಅಂತ ಫಾರಂ ಚಾಚಿದ.

ಪೆನ್ನು ನನ್ನ ಕೈಯಲ್ಲಿತ್ತು. ಕಾರಣಕ್ಕೆ ಬಿಟ್ಟಿದ್ದ ಜಾಗ ಒಂದೂವರೆ ಇಂಚು. ತೂಬು, ಗೋಡೆ, ಆರು ಅಡಿ, ಕಾಫಿ, ವಾಚ್‌ಮನ್ ಕೋಣೆ, ನನ್ನ ಎತ್ತಿದ ಕೈ, ಇಷ್ಟೂ ಅದರಲ್ಲಿ ಹಿಡಿಸೋದು ಹೇಗೆ ಅಂತ ಲೆಕ್ಕ ಹಾಕುತ್ತಿದ್ದೆ. ಅಧ್ಯಕ್ಷರು "ಕೊಡ್ರೀ ಇಲ್ಲಿ" ಅಂತ ಪೆನ್ನು ಕಿತ್ತುಕೊಂಡು 'ಮಳೆ' ಅಂತ ಬರೆದರು. ಇನ್ನೂ ಒಂದಿಂಚು ಜಾಗ ಮಿಕ್ಕಿತ್ತು.